ಕರಿಘಟ್ಟದ ಮೆಟ್ಟಿಲು, ಬೆಂಚಿನ ಮೇಲಿನ ಗಾಬರಿ (ಭಾಗ 4)

ಕರಿಘಟ್ಟದ ನಾನೂರು ಚಿಲ್ಲರೆ ಮೆಟ್ಟಿಲು ನಿಲ್ಲದೆ ಹತ್ತಿದ್ದೀರಾ? ಮೇಲೆ ಹೋಗೋಷ್ಟರಲ್ಲಿ ಎದೆ ಡವಡವ, ಬೆವರು, ಏದುಸಿರು, ಕಾಲು ನಡುಕ. ಆದ್ರೂ ಯಾರೂ ಹೆದರಲ್ಲ. ಲೋಕಪಾವನಿ ಕಡೆ ನೋಡ್ಕೊಂಡು ಕೂತ್ರೆ ಸರಿಹೋಗುತ್ತೆ ಅಂತ ಗೊತ್ತು.

ಅದೆಲ್ಲಾ ಕ್ಲಾಸಲ್ಲಿ ಸುಮ್ನೆ ಕೂತಿದ್ದಾಗ ಬಂದ್ರೆ? ಕಾರಣ ಕಾಣಲ್ಲ. ‘ಸತ್ತೇ ಹೋಗ್ತೀನಿ’ ಅನ್ಸುತ್ತೆ. ಆ ಭಯಕ್ಕೆ ಎದೆ ಇನ್ನೂ ಜೋರಾಗಿ ಬಡಿಯುತ್ತೆ, ಆ ಬಡಿತಕ್ಕೆ ಭಯ ಇನ್ನೂ ಏರುತ್ತೆ. ಬೆರಳು ಜುಮ್ಮೆನ್ನುತ್ತೆ, ತಲೆ ತಿರುಗುತ್ತೆ. ಇದೇ ಪ್ಯಾನಿಕ್ ಅಟ್ಯಾಕ್. ಇಲ್ಲದ ಅಪಾಯ ಇದೆ ಅಂದ್ಕೊಂಡು ದೇಹ ಓಡೋಕೆ ಸಜ್ಜಾಗಿರುತ್ತೆ, ಅಷ್ಟೇ. ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತೆ.

ಅದಕ್ಕೇ ಹೇಳ್ತಿದೀನಿ: ಇದನ್ನ ‘ನಾಟಕ’ ಅನ್ನಬೇಡಿ. ‘ಗಾಳಿ ಸೋಕಿದೆ’ ಅಂತ ತಾಯತಕ್ಕೂ ಓಡಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ. ‘ನಾನಿದೀನಿ, ಇದು ಇಳಿಯುತ್ತೆ’ ಅನ್ನಿ. ನಿಧಾನವಾಗಿ ಉಸಿರು ಬಿಡೋಕೆ ಹೇಳಿ, ಜೊತೆಗೆ ನೀವೂ ಬಿಡಿ.

ಮೊದಲ ಸಲ ಎದೆನೋವು ಬಂದ್ರೆ ಮಾತ್ರ ನೀವೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ ತೋರಿಸಿ. ಇಸಿಜಿ ಸರಿಯಿದೆ ಅಂದ್ರೆ ‘ನಿಂಗೇನೂ ಆಗಿಲ್ಲ’ ಅಂತ ಅರ್ಥ ಅಲ್ಲ. ಮತ್ತೆ ಬಂದ್ರೆ ಅನ್ನೋ ಹೆದರಿಕೆಗೆ ಬಸ್ಸು, ಕ್ಲಾಸು, ಪರೀಕ್ಷೆ ಒಂದೊಂದಾಗಿ ಬಿಡ್ತಾ ಹೋಗೋದೇ ದೊಡ್ಡ ನಷ್ಟ. ಇದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ 14416: ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಬೆಂಚಲ್ಲೇ ಯಾರಾದ್ರೂ ಇದನ್ನ ಬಚ್ಚಿಟ್ಕೊಂಡಿರಬಹುದು. ಇವತ್ತು ಒಂದು ಸಲ ಕೇಳಿ ನೋಡಿ.

#ಕರಿಘಟ್ಟ #ಶ್ರೀರಂಗಪಟ್ಟಣ #ಇದುನಾಟಕಅಲ್ಲ