ಐಡಿಇ ಮಾಡಿದ ಪಾಪವಾದರೂ ಏನು ಮಾರಾಯ್ರೆ?

ನಾಲ್ಕು ಜನ ಪ್ರೋಗ್ರಾಮರುಗಳು ಸೇರಿದರೆ ಈ ಜಗಳ ತಪ್ಪಿದ್ದಲ್ಲ. ಮಣಿಪಾಲದ ಟೈಗರ್ ಸರ್ಕಲ್ಲಿನಲ್ಲಿ ಚಾ ಕುಡಿಯುವಾಗ ಇರಲಿ, ಬೆಂಗಳೂರಿನಿಂದ ಕಾರ್ಕಳಕ್ಕೆ ಬರುವ ರಾತ್ರಿ ಬಸ್ಸಿನಲ್ಲಿರಲಿ, ಒಬ್ಬ ಶುರು ಮಾಡ್ತಾನೆ: "ನಿಜವಾದ ಪ್ರೋಗ್ರಾಮರ್ ಐಡಿಇ ಮುಟ್ಟುವುದಿಲ್ಲ, ವಿಮ್ ಸಾಕು." ಇನ್ನೊಬ್ಬ ನಗ್ತಾನೆ: "ಈ ಕಾಲದಲ್ಲೂ ಕಪ್ಪು ಪರದೆಯಾ?" ನನ್ನ ಕೇಳಿದರೆ ಇಬ್ಬರೂ ಅಸಲು ವಿಷಯ ಬಿಟ್ಟು ಜಗಳ ಆಡ್ತಿದ್ದಾರೆ.

ಮೊದಲು ವಿಮ್ ಭಕ್ತರಿಗೆ. ವಿಮ್‌ನ ಅಜ್ಜ ವಿಐಯನ್ನು ಬಿಲ್ ಜಾಯ್ 1976ರಲ್ಲಿ ಬರೆದದ್ದು ಅಂದಿನ ಆಮೆಗತಿಯ ಮೋಡೆಮ್ಮಿಗೆ ಹೊಂದುವಂತೆ, ನಿಮ್ಮ ದೊಡ್ಡಸ್ತಿಕೆಗಲ್ಲ :) ಇನ್ನೂರು ಜಾವಾ ಫೈಲುಗಳಲ್ಲಿ ಒಂದು ಹೆಸರು ಬದಲಿಸಬೇಕಾದರೆ ಎಕ್ಲಿಪ್ಸ್ ಕ್ಷಣದಲ್ಲಿ ಮಾಡುತ್ತದೆ. 1996ರಲ್ಲಿ ನಮ್ಮ ಉಡುಪಿಯಲ್ಲೇ ಶುರುವಾದ ರೋಬೋಸಾಫ್ಟ್ ಮೊದಲು ಮ್ಯಾಕ್‌ಗೆ, ಆಮೇಲೆ ಐಫೋನಿಗೆ ತಂತ್ರಾಂಶ ಮಾಡಿ ಹೆಸರು ಗಳಿಸಿತು. ಐಫೋನ್ ಕೆಲಸಕ್ಕೆ ಇಳಿದವರು ಆ್ಯಪಲ್‌ನ ಎಕ್ಸ್‌ಕೋಡ್ ಮುಟ್ಟುವುದಿಲ್ಲ ಎಂದು ಹಠ ಹಿಡಿದರೆ ಊಟಕ್ಕೆ ಉಂಟಾ?

ಇನ್ನು ಅಸಲು ವಿಷಯ. ನಾನು ಪಿಯುಸಿಯಲ್ಲಿ ಸಿ++ ಕಲಿತದ್ದು ನೀಲಿ ಪರದೆಯ ಟರ್ಬೋ ಸಿ++ನಲ್ಲಿ. ಬೋರ್‌ಲ್ಯಾಂಡ್ ಅದನ್ನು ಹೊರತಂದದ್ದು 1990ರಲ್ಲಿ. ಸಿ++ ಭಾಷೆಗೆ ಅಂತಾರಾಷ್ಟ್ರೀಯ ಮಾನಕ ಬಂದದ್ದೇ 1998ರಲ್ಲಿ! 64 ಬಿಟ್ ವಿಂಡೋಸಿನಲ್ಲಿ ಅದು ಓಡುವುದಿಲ್ಲ ಎಂದು ಡಾಸ್‌ಬಾಕ್ಸ್ ಒಳಗೆ ಕೂರಿಸಿ ಓಡಿಸಿದರು. ಅಲ್ಲಿ ಇಂಟ್ 16 ಬಿಟ್‌ನದ್ದು, 32767 ದಾಟಿದರೆ ಲೆಕ್ಕ ಮೈನಸ್ಸಿಗೆ ಹೋಗುತ್ತದೆ.

ಅದಕ್ಕಿಂತ ತಮಾಷೆ ಗೆಟ್‌ಚ್ ಕತೆ. ಪ್ರತಿ ಪ್ರೋಗ್ರಾಮಿನ ಕೊನೆಗೆ ಅದನ್ನು ಬರೆಯಬೇಕು, ಇಲ್ಲದಿದ್ದರೆ ಮಾರ್ಕು ಕಟ್. ಯಾಕೆ? ಪ್ರೋಗ್ರಾಮ್ ಮುಗಿದ ಕೂಡಲೇ ಟರ್ಬೋ ಮತ್ತೆ ನೀಲಿ ಪರದೆಗೆ ಹಾರುತ್ತದೆ, ಉತ್ತರ ಕಾಣುವುದಿಲ್ಲ. ಅದಕ್ಕೆ ಒಂದು ಕೀಲಿ ಒತ್ತುವವರೆಗೆ ತಡೆದು ನಿಲ್ಲಿಸುವ ಉಪಾಯ ಅಷ್ಟೇ. ಅದು ಸಿ ಅಥವಾ ಸಿ++ ಮಾನಕದಲ್ಲಿ ಇಲ್ಲವೇ ಇಲ್ಲ. ಒಂದು ಐಡಿಇಯ ಚಾಳಿಯನ್ನು ಭಾಷೆಯ ವ್ಯಾಕರಣ ಎಂದು ಮಕ್ಕಳ ತಲೆಗೆ ತುಂಬಿದ್ದು!

ಇದರ ಪೆಟ್ಟು ಬಿದ್ದದ್ದು ಯಾರಿಗೆ? ಮನೆಯಲ್ಲಿ ಕಂಪ್ಯೂಟರ್ ಇದ್ದವರು ಹೇಗೋ ಬೇರೆ ಕಡೆ ಕಲಿತರು. ಕಾಪುವಿನಿಂದಲೋ ಕಾರ್ಕಳದ ಹಳ್ಳಿಯಿಂದಲೋ ಬಂದು, ಲ್ಯಾಬಿನಲ್ಲಷ್ಟೇ ಕಂಪ್ಯೂಟರ್ ಮುಟ್ಟಿದವರು? ಕಂಟ್ರೋಲ್ ಎಫ್9 ಒತ್ತಿದ ಮೇಲೆ ಒಳಗೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಕಂಪೈಲರ್ ಬೇರೆ, ಲಿಂಕರ್ ಬೇರೆ ಎಂದು ಗೊತ್ತಿಲ್ಲ. ಲಿನಕ್ಸಿನಲ್ಲಿ ಜಿಸಿಸಿಗೆ ಗಣಿತದ ಲೈಬ್ರರಿ ಜೋಡಿಸಲು 'ಮೈನಸ್ ಎಲ್‌ಎಂ' ಎಂದು ಕೊಡದೆ ವರ್ಗಮೂಲದ ಲೆಕ್ಕ ಕೈಕೊಟ್ಟರೆ, ಕೆಲಸಕ್ಕೆ ಸೇರಿದ ಮೊದಲ ವಾರವೇ "ನಾನು ದಡ್ಡ" ಅಂದುಕೊಳ್ತಾರೆ. ದಡ್ಡತನ ಅವರದ್ದಲ್ಲ ಸ್ವಾಮಿ, ಕಲಿಸಿದ ಕ್ರಮದ್ದು.

ಯಕ್ಷಗಾನ ಕಲಿಯಲು ಹೋದವನಿಗೆ ಮೊದಲ ದಿನವೇ ಕಿರೀಟ ಕಟ್ಟುತ್ತಾರಾ? ತಾಳ, ಹೆಜ್ಜೆ ಮೊದಲು, ವೇಷ ಆಮೇಲೆ. ಹಾಗಂತ ವೇಷವೇ ಬೇಡ ಎಂದು ಯಾರೂ ಹೇಳುವುದಿಲ್ಲ. ಇಲ್ಲಿಯೂ ಅಷ್ಟೆ. ಮೊದಲ ಒಂದು ತಿಂಗಳು ಸಾದಾ ಎಡಿಟರ್, ಜಿಸಿಸಿ, ಕೈಯಲ್ಲೇ ಟೈಪಿಸಿದ ಆಜ್ಞೆ. ಎರರ್ ಬಂದರೆ ಓದಿ ಅರ್ಥ ಮಾಡಿಕೊಳ್ಳಲಿ. ಆಮೇಲೆ ಧಾರಾಳವಾಗಿ ಐಡಿಇ ಕೊಡಿ, ಡಿಬಗ್ಗರ್ ಸಮೇತ ಕಲಿಸಿ. ಇದಕ್ಕೆ ಹೊಸ ಯಂತ್ರ ಬೇಡ, ಜಿಸಿಸಿಗೆ ಕಾಸೂ ಕೊಡಬೇಕಿಲ್ಲ.

2021ರಲ್ಲಿ ಕೋಪೈಲಟ್ ಬಂದ ಮೇಲಂತೂ ಎಡಿಟರ್ ತಾನೇ ಕೋಡ್ ಬರೆದುಕೊಡುತ್ತಿದೆ. ಒಳಗೆ ಏನು ನಡೆಯುತ್ತದೆ ಎಂದು ಗೊತ್ತಿಲ್ಲದವನು ಅದು ಕೊಟ್ಟದ್ದು ಸರಿಯೋ ತಪ್ಪೋ ಎಂದು ನೋಡುವುದು ಹೇಗೆ?

ವಿಮ್ಮೋ ವಿಎಸ್ ಕೋಡೋ ಎಂಬ ಜಗಳ ಚಾ ಜೊತೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಊರಿನ ಲ್ಯಾಬಿನಲ್ಲಿ ಮಕ್ಕಳಿಗೆ ಏನು ಕಲಿಸ್ತಿದ್ದಾರೆ ಎಂದು ಒಮ್ಮೆ ಹೋಗಿ ನೋಡಿ. ಏನಂತೀರಿ?