ವಾರಕ್ಕೊಂದು ವಿಷಯ, ತಲೆಗೊಂದು ಪಟ

ಹೈದರಾಬಾದಿನ ಕನ್ನಡಿಗರು ಈ ಊರನ್ನು ನೋಡುವುದು ನೆಂಟರು ಬಂದಾಗ. ಬಾಗಲಕೋಟೆಯಿಂದಲೋ ಶಿವಮೊಗ್ಗೆಯಿಂದಲೋ ಷಡ್ಡಕರು ಸಂಸಾರ ಸಮೇತ ಬಂದಿಳಿದರೆ ಶನಿವಾರ ಚಾರ್‌ಮಿನಾರು, ರವಿವಾರ ಗೋಲಕೊಂಡ, ಮಳೆ ಹಿಡಿದರೆ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯ. ಅವರನ್ನು ರೈಲು ಹತ್ತಿಸಿ ಬಂದ ಮೇಲೆ ಊರು ಮತ್ತೆ ಮನೆಯಿಂದ ಕಚೇರಿಗೂ ಕಚೇರಿಯಿಂದ ಮನೆಗೂ ಹೋಗುವ ದಾರಿಯಾಗಿಬಿಡುತ್ತದೆ. ಆ ದಾರಿಯಲ್ಲಿ ಎಷ್ಟು ಮರಗಳಿವೆ ಎಂದು ಕೇಳಿ ನೋಡಿ, ಹೇಳುವವರು ವಿರಳ. ಯಾವ ಸಿಗ್ನಲಿನಲ್ಲಿ ಕೆಂಪು ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ.

ಕಳೆದ ಯುಗಾದಿಯಂದು ನಾವು ಐದು ಜನ ಕೂಡಿ ಒಂದು ಆಟ ಹೂಡಿದೆವು. ರವಿವಾರ ಸಂಜೆ ಒಂದು ಇರಾನಿ ಹೋಟೆಲಿನಲ್ಲಿ ಸೇರುವುದು. ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ ಚೀಟಿಗಳಿರುತ್ತವೆ; ಚಹಾ ಬರುವಷ್ಟರಲ್ಲಿ ಒಂದನ್ನು ಎತ್ತುವುದು. ಅದರಲ್ಲಿ ಒಂದೇ ಮಾತು: 'ನೆರಳು', 'ಬಾಗಿಲು', 'ಕೈ', ಹೀಗೆ. ಮುಂದಿನ ರವಿವಾರದೊಳಗೆ ಪ್ರತಿಯೊಬ್ಬರೂ ಆ ವಿಷಯದ ಮೇಲೆ ಒಂದು ಪಟ ತೆಗೆದು ತರಬೇಕು. ಮನೆಯಿಂದಾಗಲಿ ಕಚೇರಿಯಿಂದಾಗಲಿ ನಡೆದು ಹೋಗುವಷ್ಟು ದೂರದಲ್ಲೇ ತೆಗೆದಿರಬೇಕು. ಫೋನಿನ ಕ್ಯಾಮರಾ ಧಾರಾಳ ಸಾಕು. ಒಂದೇ ಪಟ ಏಕೆಂದು ಕೇಳಬಹುದು. ಈ ಫೋನುಗಳಲ್ಲಿ ಒಂದು ಗಳಿಗೆಯಲ್ಲಿ ಇನ್ನೂರು ಪಟ ತೆಗೆಯಬಹುದು. ಇನ್ನೂರರಲ್ಲಿ ಒಂದನ್ನು ಉಳಿಸಿಕೊಳ್ಳುವುದೇ ನಿಜವಾದ ಕೆಲಸ. ಉಳಿದದ್ದನ್ನು ಕಾಗದದ ಮೇಲೆ ಮುದ್ರಿಸಿ ರಿಜಿಸ್ಟರಿಗೆ ಅಂಟಿಸುತ್ತೇವೆ. ಗುಮಾಸ್ತರಾದ್ದರಿಂದ ರಿಜಿಸ್ಟರಿನ ಉಸ್ತುವಾರಿ ನಮ್ಮದು: ಕ್ರಮಸಂಖ್ಯೆ, ತಾರೀಖು, ವಿಷಯ, ಸ್ಥಳ, ತೆಗೆದವರು, ಷರಾ.

ನಮ್ಮ ಬಿಡಾರ ಕಾಚಿಗುಡದಲ್ಲಿ. ಉಳಿದ ನಾಲ್ವರಲ್ಲಿ ಬೀದರಿನ ಮಾಸ್ತರರು ಶಾಲಿಬಂಡಾದವರು. ರಾಯಚೂರಿನ ಮಿತ್ರರು ಸಿಕಂದರಾಬಾದಿನ ಒಂದು ಬ್ಯಾಂಕಿನಲ್ಲಿದ್ದಾರೆ. ಧಾರವಾಡದ ಅಕ್ಕಾವರು ಲಂಗರ್ ಹೌಸಿನಲ್ಲಿ ಮನೆ ಮಾಡಿದ್ದಾರೆ. ಐದನೆಯವರು ಗುಲ್ಬರ್ಗದ ಹಿರಿಯರು, ಎಪ್ಪತ್ತೆಂಟು ದಾಟಿದವರು, ಅಫ್ಜಲ್‌ಗಂಜಿನ ಒಂದು ಮಹಡಿಮನೆಯಲ್ಲಿದ್ದಾರೆ. ಮೊದಮೊದಲು ಅವರು ಚಹಾಕ್ಕೆ ಮಾತ್ರ ಬರುತ್ತಿದ್ದರು. ಈಗ ಎಲ್ಲರಿಗಿಂತ ಮುಂಚೆ ಪಟ ತರುತ್ತಾರೆ.

ಸರಕಾರಿ ನೌಕರರಿಗೆ ಇದೆಲ್ಲ ಯಾಕೆ ಎಂದು ಕಚೇರಿಯಲ್ಲಿ ನಗುವವರಿದ್ದಾರೆ. ಅವರಿಗೆ ನಾವು ಲಾಲಾ ದೀನದಯಾಳರ ಕಥೆ ಹೇಳುತ್ತೇವೆ. 1844ರಲ್ಲಿ ಮೀರತ್ತಿನ ಬಳಿಯ ಸರ್ಧನಾದಲ್ಲಿ ಹುಟ್ಟಿದ ಅವರು ರೂರ್ಕಿಯಲ್ಲಿ ಓದಿ, ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಅಂದಾಜುಪಟ್ಟಿ ಬರೆಯುವ ನಕ್ಷೆಗಾರರಾಗಿದ್ದರು. ಬಿಡುವಿನಲ್ಲಿ ಹಿಡಿದ ಕ್ಯಾಮರಾ ಅವರನ್ನು ಬಿಡಲಿಲ್ಲ. ದೀರ್ಘ ರಜೆ ಹಾಕಿ ಊರೂರು ತಿರುಗಿ ದೇವಾಲಯ, ಅರಮನೆಗಳ ಪಟ ತೆಗೆದರು. ಕೊನೆಗೆ ನೌಕರಿಯನ್ನೇ ಬಿಟ್ಟು 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು, ಆರನೆಯ ನಿಜಾಮರ ಆಸ್ಥಾನದ ಛಾಯಾಚಿತ್ರಕಾರರಾದರು. 1894ರಲ್ಲಿ ನಿಜಾಮರು 'ರಾಜಾ ಮುಸವ್ವಿರ್ ಜಂಗ್' ಎಂಬ ಬಿರುದು ಕೊಟ್ಟರು. ಅವರ ಸ್ಟುಡಿಯೋದ 2,857 ಗಾಜಿನ ಫಲಕಗಳು 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ ಸೇರಿದವು. ಪರದೆಯ ಹೆಣ್ಣುಮಕ್ಕಳಿಗಾಗಿ 1892ರಲ್ಲಿ ಅವರು ಬೇರೆಯೇ ಒಂದು ಜನಾನಾ ಸ್ಟುಡಿಯೋ ಮಾಡಿ, ಅಲ್ಲಿ ಒಬ್ಬ ಆಂಗ್ಲ ಮಹಿಳೆಯನ್ನು ನೇಮಿಸಿದ್ದರು. ಎದುರಿಗಿರುವವರ ಸಂಕೋಚಕ್ಕೆ ಅಷ್ಟು ಬೆಲೆ ಕೊಟ್ಟವರ ಊರಿನಲ್ಲಿ ಈಗ ಫೋನು ಹಿಡಿದವರು ಹೇಳದೆ ಕೇಳದೆ ಜನರ ಮುಖಕ್ಕೆ ಅದನ್ನು ಒಡ್ಡುವುದನ್ನು ನೋಡಿದರೆ ನಮಗೆ ಸರಿಬೀಳುವುದಿಲ್ಲ. ಕೇಳದೆ ಯಾರ ಮುಖವನ್ನೂ ತೆಗೆಯಬಾರದೆಂಬುದು ನಮ್ಮ ಆಟದ ಇನ್ನೊಂದು ಕಟ್ಟಳೆ.

'ಗಡಿಯಾರ' ಸುಲಭವಾದ ವಾರ. ಚಾರ್‌ಮಿನಾರಿಗೆ 1889ರಲ್ಲಿ ಕೂಡಿಸಿದ ನಾಲ್ಕು ಗಡಿಯಾರಗಳಲ್ಲಿ ಒಂದು ಮಾಸ್ತರರ ಪಾಲಿಗೆ, 1897ರ ಗಡಿಯಾರ ಗೋಪುರ ರಾಯಚೂರಿನವರ ಪಾಲಿಗೆ, ಹಿರಿಯರಿಗೆ 1935ರ ಮೊಅಜ್ಜಂಜಾಹಿ ಮಾರುಕಟ್ಟೆಯ ಗೋಪುರ. ಒಂದು ಪಟದ ವೇಳೆಗೂ ಇನ್ನೊಂದರ ವೇಳೆಗೂ ತಾಳೆಯಿಲ್ಲವೆಂದು ಅಕ್ಕಾವರು ಆಕ್ಷೇಪ ತೆಗೆದರು. ಪಟಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದದ್ದೆಂದು ನೆನಪಿಸಬೇಕಾಯಿತು.

'ಕೈ' ಎಂಬ ವಾರ ಹಾಗೆ ಸಲೀಸಾಗಿ ಮುಗಿಯಲಿಲ್ಲ. ಮಾಸ್ತರರು ಲಾಡ್ ಬಜಾರಿನ ಹಿಂದಿನ ಗಲ್ಲಿಯೊಂದರಲ್ಲಿ ಅರಗಿನ ಬಳೆ ಮಾಡುವವರ ಬಳಿ ಒಂದು ಮುಂಜಾನೆಯಿಡೀ ಕುಳಿತರು. ಅರಗನ್ನು ಕೆಂಡದ ಮೇಲೆ ಮೆದು ಮಾಡಿ, ಹೊಸೆದು, ಬಳೆಯಾಗಿ ಬಗ್ಗಿಸಿ, ಆರುವುದರೊಳಗೆ ಹರಳುಗಳನ್ನು ಒಂದೊಂದಾಗಿ ಕೂಡಿಸಬೇಕು. ಆ ಬಳೆಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬೆರಳ ತುದಿಗಳು ಸುಟ್ಟು ಗಟ್ಟಿಯಾಗಿರುವುದು ಎಲ್ಲೂ ಬಂದಿರಲಿಲ್ಲ. ಮುಖ ಬೇಡ, ಕೈ ಬೇಕಾದರೆ ತೆಗೆಯಿರಿ ಎಂದರಂತೆ ಆ ಕೆಲಸಗಾರರು. ಪಟವನ್ನು ಮೇಜಿನ ಮೇಲಿಟ್ಟು ಮಾಸ್ತರರು, "ಬೀದರಿನ್ಯಾಗ ಹುಟ್ಟಿ ಬೆಳೆದ್ವಿ. ಬಿದ್ರಿ ಹೂಜಿ ನೋಡೇವಿ, ಮಾಡೋರ ಕೈ ನೋಡಲಿಲ್ಲ" ಎಂದರು. ದೀಪಾವಳಿಗೆ ಊರಿಗೆ ಹೋದವರು ಆ ಕೈಗಳನ್ನೂ ನೋಡಿ ಬಂದಿದ್ದಾರೆ. ಅದು ನಡಿಗೆಯ ದೂರದಲ್ಲಿಲ್ಲದ ಕಾರಣ ರಿಜಿಸ್ಟರಿಗೆ ಏರಲಿಲ್ಲ.

'ನೀರು' ಬಂದ ವಾರ ಹಿರಿಯರು ಒಂದು ಮರದ ಪಟ ತಂದರು. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಹುಣಸೆಮರ. ನೀರೆಲ್ಲಿ ಎಂದು ನಾವೆಲ್ಲ ಕೇಳಿದೆವು. 1908ರ ಸಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ನುಂಗಿದಾಗ ಸುಮಾರು 150 ಮಂದಿ ಈ ಮರ ಹತ್ತಿ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಆ ಕೊಂಬೆಗಳೇ ಗುರುತು ಎಂದು ಹಿರಿಯರು ಬೆರಳಿಟ್ಟು ತೋರಿಸಿದರು. ಅದೇ ವಾರ ಅಕ್ಕಾವರು ಬಾಪು ಘಾಟಿನ ಬಳಿ ಮೂಸಿಯೂ ಈಸಾ ಹೊಳೆಯೂ ಕೂಡುವ ಜಾಗದ ಪಟ ತಂದಿದ್ದರು. ಎರಡು ಪಟಗಳನ್ನು ಅಕ್ಕಪಕ್ಕ ಇಟ್ಟಾಗ ಕಥೆ ತಾನಾಗಿ ಕೂಡಿಕೊಂಡಿತು. ಪ್ರವಾಹದ ಮರುವರ್ಷ, 1909ರಲ್ಲಿ, ನಿಜಾಮ ಸರಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಊರೊಳಗೆ ಗೋಡೆ ಎತ್ತರಿಸಿದರೆ ಸಾಲದು, ಮೇಲೆಯೇ ಎರಡೂ ಹೊಳೆಗಳಿಗೆ ಜಲಾಶಯ ಕಟ್ಟಿ ನೀರನ್ನು ತಡೆಯಬೇಕು ಎಂಬುದು ಅವರ ಸಲಹೆ. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲೂ ಈಸಾಕ್ಕೆ ಹಿಮಾಯತ್ ಸಾಗರ 1927ರಲ್ಲೂ ಸಿದ್ಧವಾದವು. ಉಸ್ಮಾನ್ ಸಾಗರವೆಂದರೆ ಗಂಡಿಪೇಟೆ ಕೆರೆ. ಗಂಡಿಪೇಟೆಯ ನೀರು ಕುಡಿದವರು ಹೈದರಾಬಾದ್ ಬಿಟ್ಟು ಹೋಗಲಾರರೆಂದು ಇಲ್ಲಿಯವರ ಮಾತು. ವಿಶ್ವೇಶ್ವರಯ್ಯನವರ ಹೆಸರು ಬಂದರೆ ಕನ್ನಂಬಾಡಿಯ ಕಡೆ ಕೈ ತೋರಿಸುವ ನಮ್ಮ ಮಕ್ಕಳಿಗೆ ಗಂಡಿಪೇಟೆಯ ಕಡೆಗೂ ಕೈ ತೋರಿಸಲು ಕಲಿಸಬೇಕು.

ಆದರೆ ರಿಜಿಸ್ಟರಿನ ರೀತಿಯನ್ನೇ ಬದಲಿಸಿದ್ದು 'ಬಾಗಿಲು'. ಆ ವಾರ ನಾವು ಕಾಚಿಗುಡದ ಒಂದು ಗಲ್ಲಿಯಲ್ಲಿ ಹಳೆಯ ಮನೆಯೊಂದರ ಬಾಗಿಲನ್ನು ಆರಿಸಿದೆವು: ತೇಗದ ಜೋಡಿಬಾಗಿಲು, ಹಿತ್ತಾಳೆಯ ಬಳೆ, ಇಕ್ಕೆಲದಲ್ಲಿ ಹಣತೆ ಇಡುವ ಗೂಡು, ಮೇಲೆ ಮರದ ಸಜ್ಜ. ಬೀಗ ಹಾಕಿತ್ತು. ಪಟವನ್ನು ಅಂಟಿಸುತ್ತಿದ್ದಾಗ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದರು. ಬಲಗಡೆಯ ಗೂಡಿನ ಮೇಲೆ ಬೆರಳಿಟ್ಟರು.

"ಇದೇ ಗೂಡಿನ್ಯಾಗ ಕೀಲಿಕೈ ಇಡ್ತಿದ್ವಿ. ಯಾರು ಮೊದಲ ಬರ್ತಾರೋ ಅವ್ರು ಒಲಿ ಹೊತ್ತಿಸಬೇಕು."

1956ರ ನವೆಂಬರ್ 1ರವರೆಗೆ ಗುಲ್ಬರ್ಗ, ಬೀದರ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಗಡಿ ಬದಲಾದ ಮೇಲೂ ಆ ಕಡೆಯ ಹುಡುಗರು ಓದಲು ಇಲ್ಲಿಗೇ ಬರುತ್ತಿದ್ದರು. ಅಂಥ ಐದು ಹುಡುಗರಿಗೆ ಆ ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಟ್ಟಿದ್ದರಂತೆ. ಅವರಲ್ಲಿ ಒಬ್ಬರು ನಮ್ಮ ಹಿರಿಯರು. ನಾಲ್ಕು ವರ್ಷ ಅಲ್ಲಿ ರೊಟ್ಟಿ ಬಡಿದು ಉಂಡವರು, ಅಫ್ಜಲ್‌ಗಂಜಿನಿಂದ ಅರ್ಧ ಗಳಿಗೆಯ ದಾರಿಯಾದರೂ ಮತ್ತೆ ಆ ಗಲ್ಲಿಗೆ ಹೋಗಿರಲಿಲ್ಲ. ಮರುದಿನ ಅವರನ್ನು ಕರೆದುಕೊಂಡು ಹೋದೆವು. ಗೂಡಿನೊಳಗೆ ಕೈಯಾಡಿಸಿ, "ಖಾಲಿ ಅದ" ಎಂದು ನಕ್ಕರು.

ಎರಡು ತಿಂಗಳಿಗೆ ಮನೆಯನ್ನು ಕೆಡವಿದರು. ಯಾರನ್ನೂ ದೂರುವಂತಿಲ್ಲ, ಪಾಲುದಾರರು ಏಳು ಮಂದಿ, ಮಾಡು ಸೋರುತ್ತಿತ್ತು. ತೆಲಂಗಾಣದಲ್ಲಿ 2017ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ಕಾಯಿದೆ ಆಗಿದೆ, ಅದು ಬೇಕಾದದ್ದೇ. ಆದರೆ ಗಲ್ಲಿಯ ಬಾಡಿಗೆ ಮನೆಯ ಬಾಗಿಲು ಯಾವ ಪಟ್ಟಿಗೆ ಸೇರೀತು? ಮನೆತನದ ಮಗಳೊಬ್ಬರು ಪುಣೆಯಲ್ಲಿದ್ದಾರೆ. ಬಾಗಿಲಿನ ಪಟ ಇದೆಯೆಂದು ಯಾರಿಂದಲೋ ಕೇಳಿ ಒಂದು ಪ್ರತಿ ತರಿಸಿಕೊಂಡರು. ಮನೆಯಲ್ಲಿ ಮದುವೆ ಮುಂಜಿಗಳ ಪಟಗಳು ರಾಶಿಯಿದ್ದವಂತೆ, ಎಲ್ಲವುಗಳಲ್ಲೂ ಬಾಗಿಲಿಗೆ ಅಡ್ಡವಾಗಿ ಜನ ನಿಂತಿದ್ದಾರೆ. ಅಂದಿನಿಂದ ರಿಜಿಸ್ಟರಿಗೆ ಇನ್ನೊಂದು ಅಂಕಣ ಸೇರಿತು: 'ಈಗ ಇದೆಯೇ?' ಕಚೇರಿಯಲ್ಲಿ ಮೇಜು ಕುರ್ಚಿಗಳನ್ನು ತಾಳೆ ನೋಡುವಂತೆ ಮೂರು ತಿಂಗಳಿಗೊಮ್ಮೆ ಹಳೆಯ ಸ್ಥಳಗಳಿಗೆ ಹೋಗಿ ತಾಳೆ ನೋಡುತ್ತೇವೆ. ಈವರೆಗೆ ಆರು ಕಡೆ 'ಇಲ್ಲ' ಎಂದು ಬರೆದಾಗಿದೆ.

ಇದು ನಮ್ಮ ಬುದ್ಧಿಗೆ ಹೊಳೆದ ಹೊಸ ಸಂಗತಿಯಲ್ಲ. ಬರ್ಮಿಂಗ್‌ಹ್ಯಾಮಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದಿದ್ದ ಸರ್ ಬೆಂಜಮಿನ್ ಸ್ಟೋನ್ 1897ರಲ್ಲೇ ಇಂಗ್ಲೆಂಡಿನಲ್ಲಿ ಒಂದು ಸಂಘ ಕಟ್ಟಿ, ಹವ್ಯಾಸಿಗಳಿಂದ ಅವರವರ ಊರಿನ ಕಟ್ಟಡ, ಜಾತ್ರೆ, ಪದ್ಧತಿಗಳ ಪಟ ತೆಗೆಸಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸುವ ವ್ಯವಸ್ಥೆ ಮಾಡಿದ್ದರು. ಬೆಂಗಳೂರಿನಲ್ಲಿ 1971ರಿಂದ ಯೂತ್ ಫೋಟೋಗ್ರಫಿಕ್ ಸೊಸೈಟಿ ಇದೆ. ಅಂಥ ದೊಡ್ಡ ಕೂಟಗಳಲ್ಲಿ ಪದಕಗಳುಂಟು, ತೀರ್ಪುಗಾರರುಂಟು. ನಮ್ಮಲ್ಲಿ ಚಹಾದ ಬಿಲ್ಲು ಕೊಡುವವರು ಯಾರೆಂಬುದೊಂದೇ ತೀರ್ಪು.

ಕೊನೆಗೆ 'ಕನ್ನಡ ಅಕ್ಷರ' ಎಂಬ ಚೀಟಿ ಬಂತು. ಹೈದರಾಬಾದಿನಲ್ಲಿ ನಡೆದುಹೋಗುವ ದೂರದಲ್ಲಿ ಕನ್ನಡ ಅಕ್ಷರ! ರಾಯಚೂರಿನ ಮಿತ್ರರು ಹತ್ತು ರೂಪಾಯಿ ನೋಟಿನ ಬೆನ್ನಿನ ಪಟ ತಂದರು. ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ನಮ್ಮದು. ಇದು ನಡೆಯುವುದಿಲ್ಲವೆಂದು ಅಕ್ಕಾವರು ತಕರಾರು ತೆಗೆದರು. ಬ್ಯಾಂಕಿನವರಿಗೆ ನೋಟಿಗಿಂತ ಸಮೀಪದ್ದು ಯಾವುದೆಂದು ವಾದಿಸಿ ಅವರು ಗೆದ್ದರು. ಹಿರಿಯರು ಇಮ್ಲಿಬನ್‌ನ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ನಡೆದುಹೋಗಿ ಅಲ್ಲಿ ನಿಂತಿದ್ದ ನಮ್ಮ ಕಡೆಯ ಬಸ್ಸಿನ ಹಲಗೆಯನ್ನು ತೆಗೆದಿದ್ದರು: 'ಕಲಬುರಗಿ'. ಅವರು ಊರು ಬಿಟ್ಟಾಗ ಅದು ಗುಲ್ಬರ್ಗ. ಸರಕಾರಿ ಹೆಸರು ಬದಲಾದದ್ದು 2014ರಲ್ಲಿ. "ನಮ್ಮ ಅಜ್ಜಿ ಕಲಬುರ್ಗಿ ಅಂತಿದ್ಳು, ಶಾಲಿ ಮಾಸ್ತರು ಬೈತಿದ್ರು" ಎಂದರು.

ನಮ್ಮ ಪಾಲಿಗೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ ಇದ್ದೇ ಇತ್ತು. ಜೊತೆಗೆ ಎಂಟು ವರ್ಷದ ನಮ್ಮ ಚಿರಂಜೀವಿಯೂ ಬಂದಿದ್ದ. ಅವನು ಶಾಲೆಯಲ್ಲಿ ಕಲಿಯುವುದು ಇಂಗ್ಲಿಷು, ತೆಲುಗು, ಹಿಂದಿ. ಕನ್ನಡ ಮಾತು ಮನೆಯದು, ಅಕ್ಷರ ಹೇಳಿಕೊಡಲು ಕುಳಿತರೆ ಓಟ. ಫಲಕದ ಮುಂದೆ ನಾವು ಬೆಳಕು ನೋಡುತ್ತಿದ್ದಾಗ ಹಿಂದಿನಿಂದ "ಕ... ನಾ... ಟ... ಕ" ಎಂದು ಕೇಳಿಸಿತು. ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳಲ್ಲವೇ. ತೆಲುಗಿನ ಬಲದಿಂದ ಓದುತ್ತಿದ್ದ. 'ಸಾಹಿತ್ಯ'ವನ್ನೂ 'ಮಂದಿರ'ವನ್ನೂ ಎಡವದೆ ದಾಟಿದ. ಮೊದಲ ಮಾತಿನ ನಡುವೆ ನಿಂತ ಕೊಕ್ಕೆ ಯಾವುದೆಂದು ಮಾತ್ರ ತಿಳಿಯದೆ ಕೇಳಿದ. ತೆಲುಗಿನವರು ರೇಫವನ್ನು ಮೊದಲು ಬರೆದು ಮುಂದಿನ ಅಕ್ಷರವನ್ನು ಅದರ ಕೆಳಗೆ ಕೊಡುತ್ತಾರೆ. ನಾವು ಅಕ್ಷರ ಬರೆದು ಅದರ ಮುಂದೆ ಅರ್ಕಾವತ್ತು ಹಾಕುತ್ತೇವೆ. ಹಾಗೆಂದು ಹೇಳಿದೆವು. ದಾರಿಯುದ್ದಕ್ಕೂ ಅರ್ಕ, ಸೂರ್ಯ, ಧರ್ಮ ಎಂದು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತ ಬಂದ. ಆ ವಾರದ ಪಟದಲ್ಲಿ ಫಲಕದ ಮುಕ್ಕಾಲು ಭಾಗ ಇದೆ, ಕಾಲು ಭಾಗಕ್ಕೆ ಅವನ ತಲೆ ಅಡ್ಡ ಬಂದಿದೆ. ಅದನ್ನೇ ಅಂಟಿಸಿದ್ದೇವೆ.

ಮುಂದಿನ ವಾರದ ಚೀಟಿ 'ಮೆಟ್ಟಿಲು'. ಕಸ ತುಂಬಿಹೋಗಿದ್ದ ಬನ್ಸಿಲಾಲ್‌ಪೇಟೆಯ ಮೆಟ್ಟಿಲಬಾವಿಯನ್ನು ತೆಗೆಸಿ, ದುರಸ್ತಿ ಮಾಡಿ 2022ರ ಡಿಸೆಂಬರಿನಲ್ಲಿ ಜನರಿಗೆ ತೆರೆದಿದ್ದಾರೆ. ಅದರ ಮೇಲೆ ಐವರ ಕಣ್ಣೂ ಇದೆ. ನಡೆದು ಹೋಗಬಲ್ಲವರು ಸಿಕಂದರಾಬಾದಿನ ಬ್ಯಾಂಕಿನವರೊಬ್ಬರೇ. ಅವರು ಈಗಾಗಲೇ ಎರಡು ಮುಂಜಾನೆ ಹೋಗಿ ಬಂದಿದ್ದಾರಂತೆ, ಬಿಸಿಲು ಎಷ್ಟು ಹೊತ್ತಿಗೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆಂದು ನೋಡಲು.