ತೆರೆಯ ಮೇಲೆ ಕೆಡುವ ಕನ್ನಡ

‘ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಕಾಣುತ್ತಿದೆ ಸಾರ್, ನಿಮ್ಮಲ್ಲಿ ಫಾಂಟ್ ಇಲ್ಲ.’ ಪಿಂಚಣಿಗೆ ಸಂಬಂಧಿಸಿದ ಸುತ್ತೋಲೆಯೊಂದು ನನ್ನ ಫೋನಿನಲ್ಲಿ ಒಂದಕ್ಷರವೂ ಓದಲಾಗದಂತೆ ತೆರೆದುಕೊಂಡಾಗ ಕಚೇರಿಯೊಂದರಿಂದ ನನಗೆ ದೊರೆತ ಉತ್ತರವಿದು. ಕನ್ನಡದಲ್ಲಿ ಕಂಪ್ಯೂಟರ್ ಬಳಸುವವರೆಲ್ಲ ಒಮ್ಮೆಯಾದರೂ ಕೇಳಿರಬಹುದಾದ ಈ ಉತ್ತರ ಅರ್ಧಸತ್ಯವಷ್ಟೇ.

ತೆರೆಯ ಮೇಲೆ ಕನ್ನಡ ಕೆಡುವುದು ಬೇರೆ ಬೇರೆ ಕಾರಣಗಳಿಂದ. ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡದ ಫಾಂಟೇ ಇಲ್ಲವೆಂದು ತಿಳಿಯಬಹುದು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ಕ್ಕಿಂತ ಹಿಂದಿನ ಫೋನುಗಳಲ್ಲಿ ಈ ಚೌಕಗಳು ಮಾಮೂಲಾಗಿದ್ದವು. ಈಗ ವಿಂಡೋಸಿನಲ್ಲಿ ನಿರ್ಮಲಾ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್, ಲಿನಕ್ಸಿನಲ್ಲಿ ಲೋಹಿತ್ ಅಥವಾ ನೋಟೊ ಫಾಂಟುಗಳು ಸಿಗುವುದರಿಂದ ಈ ತೊಂದರೆ ಅಪರೂಪ.

ಅಕ್ಷರಗಳು ಕಾಣುತ್ತವೆ, ಆದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತಿದೆ ಎಂದಾದರೆ ದೋಷ ಹೆಚ್ಚಾಗಿ ತಂತ್ರಾಂಶದ್ದು. ಯೂನಿಕೋಡಿನಲ್ಲಿ ‘ಕ್ಷ’ಕ್ಕೆ ಪ್ರತ್ಯೇಕ ಸಂಕೇತವಿಲ್ಲ. ಕ, ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳು ಸಾಲಾಗಿರುತ್ತವೆ. ಅವನ್ನು ಬೆಸೆದು ತೋರಿಸುವ ವಿದ್ಯೆ ಹಳೆಯ ತಂತ್ರಾಂಶಕ್ಕೆ ಬಾರದಿದ್ದರೆ ಹೊಸ ಫಾಂಟ್ ಹಾಕಿ ಫಲವಿಲ್ಲ, ತಂತ್ರಾಂಶವನ್ನೇ ಬದಲಿಸಬೇಕು. ‘ರ‍್ಯಾಂಕ್’ ಎಂದು ಬರೆದದ್ದು ‘ರ್ಯಾಂಕ್’ ಆಗುವುದೂ ಉಂಟು. ಕಣ್ಣಿಗೆ ಕಾಣದ ಜೋಡಣೆಯ ಸಂಕೇತವೊಂದು ನಡುದಾರಿಯಲ್ಲಿ ಉದುರಿಹೋಗಿರುತ್ತದೆ.

ನನಗೆ ಬಂದ ಸುತ್ತೋಲೆಯದು ಮಾತ್ರ ಇನ್ನೊಂದು ಬಗೆ, ಹೆಚ್ಚು ಅಪಾಯದ್ದೂ ಹೌದು. ಅದರಲ್ಲಿ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೊಂದು ಗೀಟು ಹೊತ್ತ ಎ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ಚಿತ್ರ ತೊಡಿಸುತ್ತಿದ್ದವು. ಫಾಂಟ್ ಕಳಚಿದೊಡನೆ ಕನ್ನಡವೂ ಕಳಚುತ್ತದೆ. ಅಂದರೆ ಆ ಕಡತದಲ್ಲಿ ಕನ್ನಡ ಎಂದೂ ಇರಲೇ ಇಲ್ಲ. ಇದನ್ನು ಪಿಡಿಎಫ್ ಮಾಡಿ ಕಳುಹಿಸಿದರೆ ಫಾಂಟ್ ಒಳಗೇ ಅಡಕವಾಗಿ ಓದಲು ಬರುತ್ತದೆ ನಿಜ. ಆದರೆ ಅದರೊಳಗೆ ‘ಪಿಂಚಣಿ’ ಎಂದು ಹುಡುಕಿದರೆ ಏನೂ ಸಿಗದು.

ಆ ತಂತ್ರಾಂಶಗಳನ್ನು ದೂರುವುದು ಕೃತಘ್ನತೆಯಾದೀತು. ಬರಹ ಬಂದ 1998ರಲ್ಲಿ ಬೇರೆ ದಾರಿಯೇ ಇರಲಿಲ್ಲ. ಯೂನಿಕೋಡ್ 1991ರಿಂದಲೇ ಕನ್ನಡಕ್ಕೆ ಸ್ಥಾನ ಕೊಟ್ಟಿದ್ದರೂ ಅದನ್ನು ಸರಿಯಾಗಿ ತೋರಿಸಬಲ್ಲ ಯಂತ್ರ ಜನರ ಮೇಜಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಮುದ್ರಣಾಲಯಗಳ ಪೇಜ್‌ಮೇಕರಿಗಂತೂ ಯೂನಿಕೋಡ್ ಕನ್ನಡ ಕೊನೆಯವರೆಗೂ ಒಗ್ಗಲಿಲ್ಲ. ಇಂದು ಆ ಸಬೂಬುಗಳು ಉಳಿದಿಲ್ಲ. ನುಡಿಯ ನಂತರದ ಆವೃತ್ತಿಗಳಲ್ಲೇ ಯೂನಿಕೋಡಿನಲ್ಲಿ ಟೈಪ್ ಮಾಡಬಹುದು, ಕೀಲಿಮಣೆಯ ವಿನ್ಯಾಸವನ್ನೂ ಹೊಸದಾಗಿ ಕಲಿಯಬೇಕಿಲ್ಲ.

ಹಾಗಿದ್ದೂ ಹಳೆಯ ಅಭ್ಯಾಸ ಏಕೆ ಹೋಗದು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಸೋಜಿಗವಿಲ್ಲ. ಬದಲಾವಣೆಯ ತೊಂದರೆ ಟೈಪ್ ಮಾಡುವ ಗುಮಾಸ್ತನಿಗೆ, ಅದರ ಲಾಭ ಎಲ್ಲಿಯೋ ಕುಳಿತು ಓದುವ ನಾಗರಿಕನಿಗೆ. ತೊಂದರೆ ಒಬ್ಬರದು, ಲಾಭ ಮತ್ತೊಬ್ಬರದು ಆದಾಗ ಮೇಲಿನಿಂದ ನಿಯಮ ಬರದೆ ಏನೂ ಕದಲದು. ಕಡತ ವಿಲೇವಾರಿಯಲ್ಲಿ ದಶಕಗಳನ್ನು ಕಳೆದವನಾಗಿ ಹೇಳುತ್ತೇನೆ, ಹುಡುಕಿದಾಗ ಸಿಗದ ದಾಖಲೆಗೂ ಇಲ್ಲದ ದಾಖಲೆಗೂ ಅರ್ಜಿದಾರನ ಪಾಲಿಗೆ ವ್ಯತ್ಯಾಸವಿಲ್ಲ. ಮಾಹಿತಿ ಹಕ್ಕಿನಡಿ ಪಡೆದ ಪುಟಗಳನ್ನು ಅಂಧ ಓದುಗನೊಬ್ಬನ ಯಂತ್ರ ‘ಪಿ, ಎ’ ಎಂದು ಗಟ್ಟಿಯಾಗಿ ಓದುತ್ತಿದ್ದರೆ ಆ ಹಕ್ಕಿಗೆ ಏನರ್ಥ?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಹೊರಗೆ ಹೋಗುವ ಪ್ರತಿ ಸುತ್ತೋಲೆಯೂ ಯೂನಿಕೋಡಿನಲ್ಲೇ ಇರಬೇಕು. ಸಹಿ ಬೀಳುವ ಮೊದಲು ಅದನ್ನು ಒಂದು ಫೋನಿನಲ್ಲಿ ತೆರೆದು, ಯಾವುದಾದರೊಂದು ಪದವನ್ನು ಹುಡುಕಿ ನೋಡಬೇಕು. ಹಳೆಯ ಕಡತಗಳನ್ನು ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಲಭ್ಯ. ಆದರೆ ಕನ್ನಡದ ನಡುವೆ ಇಂಗ್ಲಿಷ್ ಬೆರೆತ ಕಡೆ ಅವು ಎಡವಬಲ್ಲವು, ಆದ್ದರಿಂದ ಮನುಷ್ಯರು ಕೂತು ಮೂಲದೊಡನೆ ತಾಳೆ ನೋಡಬೇಕಾಗುತ್ತದೆ. ಆ ಸಿಬ್ಬಂದಿಯ ವೆಚ್ಚವನ್ನು ಇಲಾಖೆಗಳು ಮುಂದಿನ ಆಯವ್ಯಯದಲ್ಲೇ ಕೇಳಿಕೊಳ್ಳಲಿ.